ಆಲ್ಟರ್ ಎಂಬ ಪದಕ್ಕೊಂದು ಉದಾಹರಣೆ

ಜೂನ್ 4

ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಾನು ಕ್ಷೇಮ. ನೀವೂ ಅಪ್ಪನೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಎತ್ತಿದರೆ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ಎಂದು ಮುಗಿಸಿ ಅಪ್ಪನ ಕೈಗೆ ಕೊಟ್ಟುಬಿಡುತ್ತೇವೆ. ಇದು ಅಷ್ಟರಲ್ಲಿ ಮುಗಿಯುವ ಮಾತಲ್ಲ.

ನಮ್ಮ ಕಚೇರಿಯಲ್ಲಿ ಶಾಲೆಯ ಮಕ್ಕಳಿಗಾಗಿ ಇಂಗ್ಲಿಷ್–ಕನ್ನಡ ನಿಘಂಟು ತಯಾರಾಗುತ್ತಿರುವುದು ನಿಮಗೆ ಗೊತ್ತು. ನನ್ನ ಪಾಲಿಗೆ ಬಂದಿರುವುದು ಮೊದಲನೆಯ ಅಕ್ಷರದ ಕ್ರಿಯಾಪದಗಳು. ಅಲ್ಲಿಯವರೆಗೆ ಸಲೀಸಾಗಿ ನಡೆದುಕೊಂಡು ಬಂದವಳು 'ಆಲ್ಟರ್' ಹತ್ತಿರ ಮುಗ್ಗರಿಸಿದ್ದೇನೆ. 'ಬದಲಾಯಿಸು' ಎಂದು ಬರೆದುಕೊಟ್ಟೆ. ನಮ್ಮ ಸಂಪಾದಕರು ಪ್ರತಿ ಪದಕ್ಕೂ ನಿಂತು ನಿಂತು ಮಾತಾಡುತ್ತಾರೆ, ಅದಕ್ಕೇ ನಾವು ಅವರಿಗೆ 'ಅಲ್ಪವಿರಾಮ' ಎಂದು ಹೆಸರಿಟ್ಟಿದ್ದೇವೆ. ಅವರು ಹಾಳೆಯನ್ನು ವಾಪಸು ತಳ್ಳಿ, "ಹಾಗಾದ್ರೆ, ಚೇಂಜ್‌ಗೆ, ಏನಮ್ಮಾ, ಬರೀತೀಯ?" ಎಂದರು. ಹಾಳೆ ಎತ್ತಿಕೊಂಡು ನನ್ನ ಮೇಜಿಗೆ ವಾಪಸು ಬಂದೆ.

ಯೋಚಿಸುತ್ತಾ ಹೋದರೆ ತಮಾಷೆಯಾಗಿದೆ. ಬಸ್ಸು ಚೇಂಜ್ ಮಾಡುತ್ತೇವೆ, ಆಲ್ಟರ್ ಮಾಡುವುದಿಲ್ಲ. ಪ್ಯಾಂಟು ಆಲ್ಟರ್ ಮಾಡಿಸುತ್ತೇವೆ. ಪ್ಯಾಂಟು ಚೇಂಜ್ ಮಾಡುತ್ತೇನೆ ಅಂದರೆ ಮೊದಲು ಬಾಗಿಲು ಹಾಕಿಕೊಳ್ಳಬೇಕು. ನೋಟಿಗೆ ಚೇಂಜ್ ಕೇಳಬಹುದು, ಆಲ್ಟರ್ ಕೇಳಿದರೆ ಪೊಲೀಸರು ಬರುತ್ತಾರೆ. ಎರಡಕ್ಕೂ ಏನೋ ವ್ಯತ್ಯಾಸವಿದೆ, ಅದು ಕೈಗೆ ಸಿಗುತ್ತಿಲ್ಲ. ಆಗ ಮೆಟ್ಟಿಲ ಕೆಳಗಿನ ನಮ್ಮ ಅಂಗಡಿ ನೆನಪಾಯಿತು. ಮುಂದಿನ ಮೇಜಿನಲ್ಲಿ ಅಪ್ಪನ ಗಡಿಯಾರ ರಿಪೇರಿ, ಹಿಂದೆ ನಿಮ್ಮ ಮಿಷನ್ನು, ಮೇಲೆ 'ಇಲ್ಲಿ ಬಟ್ಟೆ ಆಲ್ಟರ್ ಮಾಡಿಕೊಡಲಾಗುವುದು' ಎಂಬ ಬೋರ್ಡು. ದಿನವಿಡೀ ಆ ಪದವನ್ನು ಬಾಯಲ್ಲಿ ಆಡುವವರು ನನಗೆ ಗೊತ್ತಿರುವವರಲ್ಲಿ ನೀವೊಬ್ಬರೇ. ಗಿರಾಕಿಗಳು ಅದನ್ನು ಹೇಗೆ ಬಳಸುತ್ತಾರೆ, ನೀವು ಯಾವುದಕ್ಕೆ ಆಲ್ಟರ್ ಅನ್ನುತ್ತೀರಿ, ಯಾವುದಕ್ಕೆ ಅನ್ನುವುದಿಲ್ಲ, ಬಿಡುವಾದಾಗ ಬರೆಯಿರಿ.

ಇನ್ನೊಂದು ಪ್ರಶ್ನೆ, ಇದು ಕಚೇರಿಯದಲ್ಲ. ಅಮ್ಮ ತೀರಿಕೊಂಡಾಗ ಅವಳಿಗೆ ಎಷ್ಟು ವಯಸ್ಸಾಗಿತ್ತೋ ಈ ತಿಂಗಳು ನನಗೆ ಅಷ್ಟಾಗುತ್ತದೆ. ಅಮ್ಮನದು ಅಂತ ನನ್ನ ಹತ್ತಿರ ಒಂದು ಗುಂಡಿಯೂ ಇಲ್ಲ. ಫೋಟೋದಲ್ಲಿ ಅವಳು ಹಾಕಿಕೊಂಡಿರುವ ಉದ್ದನೆಯ ಗೌನು ನನಗೆ ಚೆನ್ನಾಗಿ ನೆನಪಿದೆ. ಫೋಟೋ ಕಪ್ಪುಬಿಳುಪು, ನನ್ನ ನೆನಪಿನಲ್ಲಿ ಗೌನು ಮಾತ್ರ ಫಳಫಳ ಹೊಳೆಯುವ ನೀಲಿ. ಅದು ಏನಾಯಿತು?

ಇಂತಿ,
ನಿಮ್ಮ ಯಜಮಾನರ ಮಗಳು


ಜೂನ್ 11

ಪ್ರೀತಿಯ ಮರಿಗೆ ಆಶೀರ್ವಾದಗಳು.

ನಿನ್ನ ಕಾಗದ ಅಂಗಡಿಗೇ ಬಂತು. ನಿಮ್ಮಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ನನಗಲ್ಲ, ನಿನಗೆ" ಅಂದು ಮುಖ ಸಪ್ಪಗೆ ಮಾಡಿಕೊಂಡು ಕೊಟ್ಟರು. ಒಳಗೊಳಗೇ ಹೊಟ್ಟೆಕಿಚ್ಚು. ಎರಡು ದಿನ ಮುಳ್ಳು ಹಿಂದೆ ತಿರುಗಿದ ಗಡಿಯಾರದಂತೆ ಓಡಾಡಿದರು.

ಆಲ್ಟರ್ ವಿಷಯ ಕೇಳಿದ್ದೀಯ. ನಾನು ಇಷ್ಟು ವರ್ಷ ಅದರ ಅನ್ನ ಉಂಡವಳು, ಅದರ ಅರ್ಥ ಏನು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಿನ್ನ ಕಾಗದ ಬಂದಾಗಿನಿಂದ ಬರುವವರ ಬಾಯನ್ನೇ ನೋಡುತ್ತಾ ಕೂತಿದ್ದೇನೆ. ಸೋಮವಾರ ಪೋಸ್ಟ್‌ಮನ್ ಬಂದ. "ಅಕ್ಕಾ, ಈ ಪ್ಯಾಂಟು ಚಿಕ್ಕದಾಗ್ಬಿಟ್ಟಿದೆ, ಆಲ್ಟರ್ ಮಾಡಿ" ಅಂದ. ದೊಡ್ಡದಾದದ್ದು ಅವನ ಹೊಟ್ಟೆ, ಬೈಸಿಕೊಳ್ಳುವುದು ಪ್ಯಾಂಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಹಳೆಯ ಮಾತು, ಈಗ ಎಲ್ಲರೂ ಕಾಲು ಚಾಚಿ ಹಾಸಿಗೆಯನ್ನು ನನ್ನ ಹತ್ತಿರ ತರುತ್ತಾರೆ. ಮರುದಿನ ಒಬ್ಬಳು ಕೋಟು ತಂದು, "ಇದನ್ನ ಸ್ಕರ್ಟಾಗಿ ಆಲ್ಟರ್ ಮಾಡ್ಕೊಡಿ" ಅಂದಳು. "ತಾಯೀ, ಅದು ಆಲ್ಟರ್ ಅಲ್ಲ, ಕೊಲೆ. ಬೇರೆ ಕಡೆ ಹೋಗು" ಅಂದೆ. ನಿಮ್ಮಪ್ಪ ನಗುವಾಗ ಚಿಮಟದಿಂದ ಒಂದು ಸ್ಕ್ರೂ ಬಿದ್ದುಹೋಗಿ, ಮಧ್ಯಾಹ್ನವೆಲ್ಲಾ ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು.

ನನ್ನ ಲೆಕ್ಕ ಇಷ್ಟೇ. ಬಟ್ಟೆ ವಾಪಸು ಕೊಟ್ಟಾಗ ಗಿರಾಕಿ "ಇದು ನಂದೇ" ಅನ್ನಬೇಕು. ಹಾಕಿಕೊಂಡಾಗ "ಈಗ ಸರಿಯಾಯ್ತು" ಅನ್ನಬೇಕು. ಎರಡನ್ನೂ ಅಂದರೆ ಆಲ್ಟರ್. ಮೊದಲನೆಯದು ಮಾತ್ರ ಅಂದರೆ ನಾನು ಕೆಲಸ ಮಾಡಿಲ್ಲ ಅಂತ, ಎರಡನೆಯದು ಮಾತ್ರ ಅಂದರೆ ಬೇರೆಯವರ ಬಟ್ಟೆ ಕೊಟ್ಟಿದ್ದೇನೆ ಅಂತ. ನಿಮ್ಮ ಅಲ್ಪವಿರಾಮಕ್ಕೆ ಇಷ್ಟು ಸಾಲುತ್ತದೋ ಇಲ್ಲವೋ ನನಗೆ ತಿಳಿಯದು.

ನಿನ್ನ ಎದೆ, ಸೊಂಟ, ತೋಳು, ಹೆಗಲಿನಿಂದ ಹಿಮ್ಮಡಿಯವರೆಗಿನ ಉದ್ದ, ಇಷ್ಟರ ಅಳತೆ ತೆಗೆದು ಕಳಿಸು. ಟೇಪನ್ನು ಬಿಗಿಯಾಗಿ ಎಳೆದು ತೆಳ್ಳಗಿದ್ದೇನೆ ಅಂತ ಬರೆಯಬೇಡ, ಎಲ್ಲ ಹೆಂಗಸರೂ ಹಾಗೆ ಮಾಡುತ್ತಾರೆ. ಊಟ ಹೊತ್ತುಹೊತ್ತಿಗೆ ಮಾಡು.

ಇಂತಿ,
ಚಿಕ್ಕಮ್ಮ


ಜೂನ್ 18

ಚಿಕ್ಕಮ್ಮನವರಿಗೆ ನಮಸ್ಕಾರಗಳು.

ಕೋಟನ್ನು ಕೊಲೆ ಮಾಡಲು ಬಂದವಳ ಕಥೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿದೆ. ಅಲ್ಪವಿರಾಮದವರು ಮೊದಲ ಸಲ ಮಧ್ಯೆ ನಿಲ್ಲದೆ ನಕ್ಕರು. ನಿಮ್ಮ ವಿವರಣೆಯೂ ಅವರಿಗೆ ಹಿಡಿಸಿತು: ಚೇಂಜ್ ಅಂದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದು, ಆಲ್ಟರ್ ಅಂದರೆ ಇರುವುದನ್ನೇ ಉಳಿಸಿಕೊಂಡು ಒಂದಿಷ್ಟು ತಿದ್ದುವುದು. ಆದರೆ ಅದು ಪೂರ್ತಿ ಸರಿಯಲ್ಲ. ಹಳೆಯ ವಾಕ್ಯಗಳನ್ನು ಕೆದಕುತ್ತಾ ಹೋದಂತೆ 'ಗುರುತೇ ಸಿಗದಷ್ಟು ಆಲ್ಟರ್ ಆಯಿತು' ಎಂಬ ಬಳಕೆಯೂ ಸಿಕ್ಕಿತು. ಅಲ್ಲಿಗೆ "ಇದು ನಂದೇ" ಎನ್ನುವ ನಿಮ್ಮ ಗಿರಾಕಿ ಬಾಯಿ ಮುಚ್ಚಬೇಕಾಗುತ್ತದೆ. ಮುಖಭಾವ, ಹವೆ, ಪ್ರಯಾಣದ ಯೋಜನೆ ಇವಕ್ಕೂ ಆ ಪದ ಬರುತ್ತದೆ. 'ಹಾಗಂದ ಮಾತ್ರಕ್ಕೆ ಸತ್ಯ ಆಲ್ಟರ್ ಆಗುವುದಿಲ್ಲ' ಎಂದೂ ಹೇಳುತ್ತಾರೆ. ಇನ್ನೂ ಮಜಾ ಅಂದರೆ, ಕೆಲವು ದೇಶಗಳಲ್ಲಿ ನಾಯಿ ಬೆಕ್ಕುಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿಸುವುದಕ್ಕೂ ಆಲ್ಟರ್ ಅಂತಲೇ ಹೆಸರು. ಮಕ್ಕಳ ನಿಘಂಟಿನಲ್ಲಿ ಅದನ್ನು ಹಾಕುವುದೋ ಬಿಡುವುದೋ ಎಂದು ಒಂದು ಸಭೆಯೇ ನಡೆಯಿತು.

ಇಷ್ಟು ಪದದ ಮಾತು. ಇನ್ನು ನನ್ನ ಎರಡನೆಯ ಪ್ರಶ್ನೆ. ನೀವು ಪೋಸ್ಟ್‌ಮನ್ನಿನ ಹೊಟ್ಟೆಯ ಬಗ್ಗೆ ಬರೆದಿರಿ, ಅಪ್ಪನ ಸ್ಕ್ರೂ ಬಗ್ಗೆ ಬರೆದಿರಿ, ಗೌನಿನ ಬಗ್ಗೆ ಒಂದಕ್ಷರವಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ್ದರೂ ಸರಿ ಅನ್ನುತ್ತಿದ್ದೆ, ನೀವು ದೀಪವನ್ನೇ ಹಚ್ಚಲಿಲ್ಲ. ಬದಲಿಗೆ ಅಳತೆ ಕೇಳಿದ್ದೀರಿ. ನನಗೆ ಹೊಸ ಬಟ್ಟೆ ಬೇಡ, ಚಿಕ್ಕಮ್ಮ. ನೀವು ಹೊಲಿದ ಬಟ್ಟೆ ಹೇಗಿರುತ್ತದೆಂದು ನನಗೆ ಗೊತ್ತು. ಆ ಮಂಕು ನೀಲಿ ಫ್ರಾಕು ನಿಮಗೆ ಮರೆತಿರಲಿಕ್ಕಿಲ್ಲ. ನಾನು ಏಳು ವರ್ಷದವಳಿದ್ದಾಗ ಹೊಲಿದುಕೊಟ್ಟಿರಿ, ಪ್ರತಿ ಬೇಸಿಗೆಯಲ್ಲೂ ಅದನ್ನೇ ಉದ್ದ ಮಾಡಿ ಅಗಲ ಮಾಡಿ ವರ್ಷಗಟ್ಟಲೆ ತೊಡಿಸಿದಿರಿ. ಒಳಗೆ ಬಿಳಿ ಲೈನಿಂಗು, ಅದರೊಳಗೆ ಏನು ತುರುಕಿದ್ದಿರೋ, ಸೊಂಟದ ಸುತ್ತ ಚಾಪೆ ಸುತ್ತಿಕೊಂಡ ಹಾಗಿರುತ್ತಿತ್ತು. ಶಾಲೆಯಲ್ಲಿ ನನ್ನನ್ನು 'ದಿಂಬು' ಎಂದು ಕರೆಯುತ್ತಿದ್ದರು. ಅದನ್ನು ಒಗೆಯುವುದಕ್ಕೂ ಬೇರೆ ಯಾರಿಗೂ ಕೊಡುತ್ತಿರಲಿಲ್ಲ ನೀವು, ರೇಷ್ಮೆಯೋ ಎಂಬಂತೆ. ದಿನಾ ಶಾಲೆಗೆ ಬಿಡಲು ಬರುತ್ತಿದ್ದ ಅಪ್ಪನೂ ನನ್ನ ಕೈ ಹಿಡಿಯುತ್ತಿರಲಿಲ್ಲ, ತೋಳಿನ ಬಟ್ಟೆ ಹಿಡಿದುಕೊಂಡು ನಡೆಯುತ್ತಿದ್ದರು. ಅಷ್ಟು ದಪ್ಪ ಫ್ರಾಕಿನೊಳಗೆ ಕೈ ಎಲ್ಲಿದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲವೇನೋ.

ನೇರವಾಗಿ ಕೇಳುತ್ತೇನೆ. ಅಮ್ಮನ ಗೌನನ್ನು ನೀವು ಕತ್ತರಿಸಿ ಹಾಕಿದಿರಾ?

ಇಂತಿ,
ನಿಮ್ಮ ಯಜಮಾನರ ಮಗಳು


ಜೂನ್ 26

ಪ್ರೀತಿಯ ಮರಿಗೆ ಆಶೀರ್ವಾದಗಳು.

ಬೆಕ್ಕಿನ ವಿಷಯ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸದ್ಯ, ನಮ್ಮ ಬೋರ್ಡಿನಲ್ಲಿ 'ಬಟ್ಟೆ' ಅನ್ನುವ ಪದ ಇದೆ. ಇಲ್ಲದಿದ್ದರೆ ಯಾರಾದರೂ ಬೆಕ್ಕು ಕಂಕುಳಲ್ಲಿ ಇಟ್ಟುಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು.

ಗುರುತು ಸಿಗದಷ್ಟು ಆಲ್ಟರ್ ಆಗುವುದು ಅಂತ ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ. ಇರಬಹುದು. ಆದರೆ ಗುರುತು ಸಿಗದಿರುವುದು ನೋಡುವವರ ಕಷ್ಟ, ಬಟ್ಟೆಯದಲ್ಲ.

ನಾನು ಕತ್ತರಿಸಲಿಲ್ಲ. ಉಳಿದದ್ದು ನಾನೊಬ್ಬಳೇ ಹೇಳುವಂಥದಲ್ಲ, ನಿಮ್ಮಪ್ಪನ ಹತ್ತಿರ ಮೊದಲು ಮಾತಾಡಬೇಕು. ಅವರ ಜೊತೆ ಆ ಮಾತು ಎತ್ತುವುದು ನಿನ್ನ ಹತ್ತಿರ ಎತ್ತುವುದಕ್ಕಿಂತ ಕಷ್ಟ. ಸ್ವಲ್ಪ ತಡೆದುಕೋ.

ಅಳತೆ ಕಳಿಸು.

ಚಿಕ್ಕಮ್ಮ


ಜುಲೈ 3

ಚಿಕ್ಕಮ್ಮನವರಿಗೆ,

ಅರ್ಥವಾಯಿತು. ಕತ್ತರಿಸಲಿಲ್ಲ, ಅಂದರೆ ಯಾರಿಗೋ ಕೊಟ್ಟಿದ್ದೀರಿ. ಅಪ್ಪನಿಗೆ ಗೊತ್ತಿಲ್ಲದೆ ಕೊಟ್ಟಿದ್ದೀರಿ, ಅದಕ್ಕೇ ಈಗ ಅವರನ್ನು ಕೇಳಲು ಭಯ. ಇಷ್ಟು ಹೇಳುವುದಕ್ಕೆ ಎರಡು ಕಾಗದ ಬೇಕಾಯಿತು ನಿಮಗೆ. ನನಗೆ ನಿಜವಾಗಿಯೂ ದುಃಖವಾಗಿದೆ. ಆ ಗೌನಿನ ನೀಲಿಯೊಂದನ್ನು ಬಿಟ್ಟರೆ ಅಮ್ಮನ ನೆನಪು ನನಗೆ ಬೇರೆ ಏನೂ ಇಲ್ಲ, ಅವಳ ದನಿ ಸಹ ಇಲ್ಲ.

'ಆಲ್ಟರ್' ನಮೂದನ್ನು ಮುಗಿಸಿ ಕೊಟ್ಟಿದ್ದೇನೆ. ಮಾರ್ಪಡಿಸು, ತಿದ್ದು, ಅಷ್ಟೆ. ಉದಾಹರಣೆಯ ಜಾಗ ಇನ್ನೂ ಖಾಲಿ ಇದೆ. ನಿಮಗೆ ಇನ್ನು ತೊಂದರೆ ಕೊಡುವುದಿಲ್ಲ.


ಜುಲೈ 29

(ಕಾರ್ಡು)

ಚಿಕ್ಕಮ್ಮನವರಿಗೆ,

ಇಷ್ಟು ದಿನ ಸುಮ್ಮನಿದ್ದೆ. ನೀವೂ ಸುಮ್ಮನಿದ್ದೀರಿ. ಕೋಪ ಒಂದು ಕಡೆ ಹಾಗೇ ಇದೆ, ಕುತೂಹಲ ಮಾತ್ರ ಬಿಡುತ್ತಿಲ್ಲ. ಗೌನು ಕೊಟ್ಟುಬಿಟ್ಟವರು ಅಳತೆಯನ್ನು ಎರಡೆರಡು ಸಲ ಯಾಕೆ ಕೇಳುತ್ತಾರೆ? ಪಕ್ಕದ ಮೇಜಿನವಳ ಕೈಯಲ್ಲಿ ಟೇಪು ಹಿಡಿಸಿ ಅಳೆಸಿದ್ದೇನೆ. ಬಿಗಿಯಾಗಿ ಎಳೆದಿಲ್ಲ. ಎದೆ ಮೂವತ್ತಾರು, ಸೊಂಟ ಮೂವತ್ತೊಂದು, ತೋಳು ಇಪ್ಪತ್ತೆರಡು, ಉದ್ದ ಐವತ್ತಮೂರು.


ಆಗಸ್ಟ್ 12

ಪ್ರೀತಿಯ ಮರಿಗೆ,

ಈ ಕಾಗದ ಪಾರ್ಸೆಲಿನ ಮೇಲೆಯೇ ಇಟ್ಟಿದ್ದೇನೆ. ಮೊದಲು ಇದನ್ನು ಓದು, ಆಮೇಲೆ ಕೆಳಗಿನ ಪೊಟ್ಟಣ ಬಿಚ್ಚು. ನಿನಗೆ ಯಾವುದಕ್ಕೂ ತಾಳ್ಮೆಯಿಲ್ಲ, ಆದರೂ ಹೇಳುತ್ತೇನೆ.

ನಾನು ನಿಮ್ಮ ಮನೆಗೆ ಬಂದ ವಾರವೇ ನಿಮ್ಮಪ್ಪ ಕಪಾಟಿನ ಕಡೆ ಕೈ ತೋರಿಸಿ, "ಅವಳ ಬಟ್ಟೆಯೆಲ್ಲಾ ತೆಗೆದುಬಿಡು. ನನ್ನ ಕಣ್ಣಿಗೆ ಬೀಳಬಾರ್ದು" ಅಂದರು. ಅಂದವರೇ ಹಿಂತಿರುಗಿ ನೋಡದೆ ಅಂಗಡಿಗೆ ಹೋದರು. ನಾನು ಕಪಾಟಿನ ಬಾಗಿಲು ತೆರೆದಾಗ ಹಿಂದೆ ನೀನು ನಿಂತಿದ್ದೆ. ಹೊಸಬಳು ದರ್ಜಿ ಅಂತ ಯಾರೋ ನಿನಗೆ ಹೇಳಿದ್ದರು. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಅಮ್ಮನ ಬಟ್ಟೆಗೆ ಕತ್ತರಿ ಹಾಕಿದ್ರೆ ನೋಡು!" ಅಂದೆ. ನನ್ನ ಜೊತೆ ನೀನು ಆಡಿದ ಮೊದಲ ಮಾತೇ ಅದು.

ಉಳಿದ ಬಟ್ಟೆಗಳನ್ನು ನಿನ್ನ ದೊಡ್ಡಮ್ಮ, ನಿಮ್ಮಮ್ಮನ ಸ್ವಂತ ಅಕ್ಕ, ಬಂದು ತೆಗೆದುಕೊಂಡು ಹೋದರು. ಗೌನನ್ನು ಮಾತ್ರ ನಾನು ಕೊಡಲಿಲ್ಲ. ನೀನು ಅದರ ತೋಳನ್ನು ಹಿಡಿದುಕೊಂಡೇ ನಿದ್ದೆ ಹೋಗಿದ್ದೆ, ಹೇಗೆ ಕೊಡಲಿ? ಒಬ್ಬರು ಕಣ್ಣಿಗೆ ಬೀಳಬಾರದು ಅನ್ನುತ್ತಾರೆ, ಇನ್ನೊಬ್ಬಳು ಕತ್ತರಿ ಹಾಕಬಾರದು ಅನ್ನುತ್ತಾಳೆ. ಹೊಸ ಮನೆ. ಇಬ್ಬರಲ್ಲಿ ಯಾರ ಮಾತು ಮೀರುವ ಧೈರ್ಯವೂ ನನಗಿರಲಿಲ್ಲ. ಆಮೇಲೆ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಅಂಚಿನದೊಂದನ್ನು ಬಿಟ್ಟು ಉಳಿದ ಹೊಲಿಗೆಗಳನ್ನೆಲ್ಲಾ ಬ್ಲೇಡಿನಲ್ಲಿ ಬಿಚ್ಚಿ, ಬಟ್ಟೆಯ ಒಳಮೈಯನ್ನು ಹೊರಕ್ಕೆ ತಿರುಗಿಸಿದೆ. ಹೊಳಪು ಒಳಗೆ ಹೋಯಿತು, ಮಂಕು ಮೇಲೆ ಬಂತು. ಉದ್ದ, ಅಗಲ, ತೋಳು ಎಲ್ಲವನ್ನೂ ಒಂದಿಂಚೂ ಕತ್ತರಿಸದೆ ಮಡಿಚಿ ಮಡಿಚಿ ಒಳಗೆ ಹಿಡಿದು, ಮೇಲೆ ಬಿಳಿ ಲೈನಿಂಗು ಕೊಟ್ಟು ಮುಚ್ಚಿಬಿಟ್ಟೆ. ನಿನ್ನ ಸೊಂಟಕ್ಕೆ ಚಾಪೆಯಂತೆ ಇದ್ದದ್ದು ಅದೇ. ಒಬ್ಬ ದೊಡ್ಡ ಹೆಂಗಸಿನ ಬಟ್ಟೆ ಪೂರ್ತಿ ನಿನ್ನ ಮೈಮೇಲಿತ್ತು, ದಪ್ಪ ಆಗದೆ ಏನಾದೀತು? ನಿನ್ನನ್ನು ದಿಂಬು ಅಂತ ಕರೆಯುತ್ತಿದ್ದದ್ದು ನನಗೆ ಗೊತ್ತಿತ್ತು. ವರ್ಷಕ್ಕೊಂದು ಮಡಿಕೆ ಬಿಚ್ಚುವಾಗ, ಇನ್ನು ಸ್ವಲ್ಪ ಹಗುರಾಗುತ್ತೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹೇಳಿದ್ದರೆ ನೀನು ಅದನ್ನು ಬಿಡದೆ ಹಾಕಿಕೊಳ್ಳುತ್ತಿದ್ದೆ, ನಿಜ. ಆದರೆ ಹಾಕಿಕೊಂಡು ಓಡುತ್ತಿರಲಿಲ್ಲ, ಮರ ಹತ್ತುತ್ತಿರಲಿಲ್ಲ. ಕಲೆಯಾದೀತು, ಹರಿದೀತು ಅಂತ ಕೂತಲ್ಲೇ ಕೂರುತ್ತಿದ್ದೆ. ಅಮ್ಮನ ಬಟ್ಟೆಯನ್ನು ಕಾಯುವ ಕೆಲಸ ನನಗಿರಲಿ, ಆಡುವ ಕೆಲಸ ನಿನಗಿರಲಿ ಅಂದುಕೊಂಡೆ. ಹೈಸ್ಕೂಲಿಗೆ ಹೋದ ಮೇಲೆ ಒಂದು ದಿನ "ಈ ದರಿದ್ರ ಫ್ರಾಕು ಇನ್ನು ಮುಟ್ಟಲ್ಲ" ಅಂತ ಎಸೆದೆ. ಎತ್ತಿ ಟ್ರಂಕಿನಲ್ಲಿಟ್ಟೆ. ಆಮೇಲೆ ನೀನು ಹಾಸ್ಟೆಲಿಗೆ ಹೋದೆ, ನಮ್ಮಿಬ್ಬರ ಮಾತು 'ಊಟ ಆಯ್ತಾ'ಗೆ ಬಂದು ನಿಂತಿತು.

ನಿಮ್ಮಪ್ಪನಿಗೆ ಹೇಳಲು ತಿಂಗಳೊಪ್ಪತ್ತು ಹಿಡಿಯಿತು. ಕಳೆದ ವಾರ ನಿನ್ನ ಅಳತೆಯ ಕಾರ್ಡು ಮೇಜಿನ ಮೇಲಿಟ್ಟು, ಬಾಯಿ ಬಿಟ್ಟು ಎಲ್ಲಾ ಹೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯಲೂ ಇಲ್ಲ.

"ಗೊತ್ತಿತ್ತು" ಅಂದರು.

"ಯಾವಾಗಿಂದ?"

"ಮೊದಲ್ನೇ ದಿನದಿಂದ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ್ಯಾ?"

ಆಮೇಲೆ ಬಹಳ ಹೊತ್ತು ಇಬ್ಬರೂ ಕೆಲಸ ಮಾಡಲಿಲ್ಲ. ಗಡಿಯಾರಗಳು ಮಾತ್ರ ಮಾಡುತ್ತಿದ್ದವು.

ಈಗ ಗೌನನ್ನು ನಿನ್ನ ಅಳತೆಗೆ ಬಿಟ್ಟು, ಮೈಯನ್ನು ಮತ್ತೆ ತಿರುಗಿಸಿ ಹೊಲಿದಿದ್ದೇನೆ. ಅಂಚಿನ ಕಡೆಯ ಮಡಿಕೆ ಮಾತ್ರ ಹಾಗೇ ಬಿಟ್ಟಿದ್ದೇನೆ, ಅದನ್ನು ನೀನು ಬಿಚ್ಚು. ಒಳಗೆ ನಿಮ್ಮಮ್ಮ ಸ್ವಂತ ಕೈಯಲ್ಲಿ ಹಾಕಿದ ಹೊಲಿಗೆ ಇದೆ. ಸೊಟ್ಟ ಅಂದರೆ ಸೊಟ್ಟ, ಕೋಳಿ ಕೆದರಿದ ಹಾಗಿದೆ. ದರ್ಜಿಯಾದವಳಿಗೆ ಅದನ್ನು ನೋಡಿದರೆ ಕೈ ತುರಿಸುತ್ತದೆ. ಆದರೂ ನಾನು ಮುಟ್ಟಲಿಲ್ಲ.

ಚಿಕ್ಕಮ್ಮ


ಆಗಸ್ಟ್ 21

ಚಿಕ್ಕಮ್ಮ,

ನೀನು ಹೇಳಿದ ಹಾಗೆ ಮೊದಲು ಕಾಗದ ಓದಿದೆ. ಓದಿದ ಮೇಲೆ ಪಾರ್ಸೆಲ್ ಬಿಚ್ಚಲು ಕೈ ಬರಲಿಲ್ಲ. ಅದನ್ನು ಹಾಸಿಗೆಯ ಮೇಲಿಟ್ಟುಕೊಂಡು ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ, ನೆಂಟರು ಬಂದಿದ್ದಾರೇನೋ ಎಂಬಂತೆ. ಕೊನೆಗೆ ಒಂದು ಮೂಲೆ ಹರಿದೆ. ಆ ನೀಲಿ ಕಂಡಿತು.

ಅಳುವುದೆಲ್ಲಾ ಅತ್ತು ಮುಗಿಸಿದ ಮೇಲೆ ಅಂಚಿನ ಮಡಿಕೆ ಬಿಚ್ಚಿದೆ. ಅಮ್ಮನ ಹೊಲಿಗೆ ನೀನು ಬರೆದದ್ದಕ್ಕಿಂತ ಸೊಟ್ಟ ಇದೆ! ನನ್ನ ಹೊಲಿಗೆಯೂ ಥೇಟು ಹಾಗೇ ಇರುತ್ತದೆ. ಅಮ್ಮನಿಂದ ನನಗೆ ಏನು ಬಂದಿದೆ ಎಂದು ಇಷ್ಟು ವರ್ಷ ಕನ್ನಡಿ ನೋಡಿಕೊಂಡು ಹುಡುಕುತ್ತಿದ್ದೆ, ಬಂದಿರುವುದು ಇದು.

ಅಪ್ಪ ನನ್ನ ಕೈ ಬಿಟ್ಟು ತೋಳಿನ ಬಟ್ಟೆ ಯಾಕೆ ಹಿಡಿಯುತ್ತಿದ್ದರು ಎಂದು ಈಗ ತಿಳಿಯಿತು. ಅವರ ಹತ್ತಿರ ಇದನ್ನು ಹೇಳಬೇಡ, ಸಂಕೋಚಪಟ್ಟುಕೊಳ್ಳುತ್ತಾರೆ. ನಾನೇ ಬಂದು ಅವರ ತೋಳು ಹಿಡಿದುಕೊಂಡು ಒಂದು ಸಲ ಆ ಶಾಲೆಯವರೆಗೂ ನಡೆದುಕೊಂಡು ಹೋಗುತ್ತೇನೆ.

ಗೌನು ಹಾಕಿಕೊಂಡು ಕಚೇರಿಗೆ ಹೋದೆ. ಅಲ್ಪವಿರಾಮದವರು ಕನ್ನಡಕ ಸರಿಮಾಡಿಕೊಂಡು, "ಹೊಸದೇನಮ್ಮಾ?" ಎಂದರು. ಹಳೆಯದೆಂದು ಹೇಳಿ, ಇಡೀ ಕಥೆ ಹೇಳಿದೆ. ಖಾಲಿ ಬಿಟ್ಟಿದ್ದ ಉದಾಹರಣೆಯ ಜಾಗದಲ್ಲಿ ನಾನು ಬರೆದದ್ದು: 'ಅವಳು ಗೌನನ್ನು ಆಲ್ಟರ್ ಮಾಡಿ ಫ್ರಾಕು ಮಾಡಿದಳು, ಫ್ರಾಕನ್ನು ಆಲ್ಟರ್ ಮಾಡಿ ಮತ್ತೆ ಗೌನು ಮಾಡಿದಳು.' ಮಕ್ಕಳಿಗೆ ಉದ್ದವಾಯಿತೆಂದು ಅರ್ಧಕ್ಕೆ ಗೀಟು ಹಾಕಲು ಪೆನ್ನು ಎತ್ತಿದವರು, ಏನನ್ನಿಸಿತೋ, ಹಾಗೇ ಕೆಳಗಿಟ್ಟರು. "ಇರ್ಲಿ, ಇದಕ್ಕೆ, ಕತ್ತರಿ ಬೇಡ" ಎಂದರು. 'ಗುರುತೇ ಸಿಗದಷ್ಟು' ಎಂಬ ಬಳಕೆಯನ್ನೂ ಉಳಿಸಿಕೊಂಡಿದ್ದೇನೆ. ನೋಡುವವರ ಕಷ್ಟ ಎಂದು ನೀನು ಬರೆದದ್ದು ನನಗೇ ಎಂದು ಈಗ ಗೊತ್ತಾಯಿತು.

ಮಡಿಕೆಯ ಗೆರೆಗಳು ಒಂದರ ಮೇಲೊಂದು ಹಾಗೇ ಉಳಿದಿವೆ, ಇಸ್ತ್ರಿಗೆ ಹೋಗಲಿಲ್ಲ. ಹೋಗುವುದೂ ಬೇಡ. ಒಂದೊಂದು ಗೆರೆಗೂ ಬೆರಳಿಟ್ಟು ನಾನು ಇಷ್ಟಿದ್ದೆ, ಆಮೇಲೆ ಇಷ್ಟಾದೆ ಎಂದು ನೋಡಿಕೊಳ್ಳುತ್ತೇನೆ. ಎಲ್ಲಾ ಸರಿಯಾಗಿ ಕೂತಿದೆ, ಎಡಗಡೆಯ ಹೆಗಲು ಮಾತ್ರ ಕೊಂಚ ಬಿಗಿ. ನಮ್ಮ ಬೀದಿಯ ಕೊನೆಯಲ್ಲೂ ಒಬ್ಬ ದರ್ಜಿ ಇದ್ದಾನೆ. ಅವನ ಹತ್ತಿರ ಕೊಡಲು ನನಗೆ ಇಷ್ಟವಿಲ್ಲ.

ನಿನ್ನ,
ದಿಂಬು


ಆಗಸ್ಟ್ 27

ಮರೀ,

'ನೀನು' ಅಂತ ಬರೆದಿದ್ದೀಯ. ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ. ನಿಮ್ಮಪ್ಪನಿಗೂ ತೋರಿಸಿದೆ. ಅವರು ಭೂತಗನ್ನಡಿ ಹಾಕಿಕೊಂಡು ನೋಡಿ, "ಹೌದು, ನೀನು ಅಂತಲೇ ಇದೆ" ಅಂತ ಖಾತ್ರಿ ಮಾಡಿದರು.

ಹೆಗಲು ಬಿಗಿಯಾಗುತ್ತೆ ಅಂತ ನನಗೆ ಗೊತ್ತಿತ್ತು. ನೀನು ಹೆಗಲಿನ ಅಗಲದ ಅಳತೆ ಕಳಿಸಲಿಲ್ಲ, ನಾನು ಕೇಳಲೂ ಇಲ್ಲ. ಒಂದಾದರೂ ಬಾಕಿ ಇರಲಿ ಅಂತ ಆಸೆ ಇತ್ತು ಅಂದುಕೋ.

ಶನಿವಾರ ಅಂಗಡಿ ಬಾಗಿಲು ಹಾಕಿ ಇಬ್ಬರೂ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಮಧ್ಯೆ ಒಂದು ಕಡೆ ಬಸ್ಸು ಆಲ್ಟರ್ ಮಾಡಬೇಕು ಅಂತ ನಿಮ್ಮಪ್ಪ ಹೇಳುತ್ತಿದ್ದಾರೆ, ನಿನ್ನನ್ನು ರೇಗಿಸಲಿಕ್ಕೆ. ನಾನು ಬರುವವರೆಗೆ ಹೆಗಲನ್ನು ಯಾರ ಕೈಗೂ ಕೊಡಬೇಡ. ಸೂಜಿ, ದಾರ, ಟೇಪು, ಬ್ಲೇಡು ಚೀಲಕ್ಕೆ ಹಾಕಿಕೊಂಡಿದ್ದೇನೆ.

ಕತ್ತರಿ ತರುವುದಿಲ್ಲ.

ಚಿಕ್ಕಮ್ಮ